ಕುಶಾಲನಗರಕ್ಕೆ ಆ ಹೆಸರು ಬಂದ ಬಗೆ

14 ಜುಲೈ 2024, ಭಾನುವಾರ, ಮಡಿಕೇರಿ

ಇಂದು ನೆಂಟರ ಮನೆಯ ಊಟದ ಪಂಕ್ತಿಯಲ್ಲಿ ಕೊಡಗಿನ ಕುಶಾಲನಗರದ ಮಾತು ಬಂದು, ಅದರೊಡನೆ ಆ ಹಳೆಯ ಕಥೆಯೂ ಬಂತು. ಹೈದರಾಲಿ ಕಾವೇರಿಯ ದಂಡೆಯಲ್ಲಿ ಬೀಡುಬಿಟ್ಟಿದ್ದಾಗ ಮಗ ಟಿಪ್ಪು ಹುಟ್ಟಿದ ಸುದ್ದಿ ತಲುಪಿ, ಆ ಸಂತೋಷದಲ್ಲಿ ಅವನು ಆ ಜಾಗಕ್ಕೆ ಕುಶಾಲನಗರವೆಂದು ಹೆಸರಿಟ್ಟನಂತೆ. ಕೇಳಲು ಸೊಗಸಾದ ಕಥೆಯೇ ಹೌದು, ಆದರೆ ಇಸವಿಗಳು ಇದಕ್ಕೆ ಒಪ್ಪುವುದಿಲ್ಲ. ಟಿಪ್ಪು ದೇವನಹಳ್ಳಿಯಲ್ಲಿ ಹುಟ್ಟಿದ್ದು 1750ರ ನವೆಂಬರಿನಲ್ಲಿ. ಆಗ ಹೈದರ್ ಮೈಸೂರು ಒಡೆಯರ ಸೈನ್ಯದಲ್ಲಿ ಇನ್ನೂ ಮೇಲೇರುತ್ತಿದ್ದ ಒಬ್ಬ ಅಧಿಕಾರಿ. ರಾಜ್ಯದ ಚುಕ್ಕಾಣಿ ಅವನ ಕೈಗೆ ಬಂದದ್ದು 1761ರಲ್ಲಿ, ಅವನು ಕೊಡಗಿನ ಮೇಲೆ ದಂಡೆತ್ತಿ ಬಂದದ್ದು ಅದರ ನಂತರ.

ಹಾಗೆಂದು ಹೆಸರೇ ಇತ್ತೀಚಿನದೆನ್ನಲಾಗದು. ಕೊಡಗಿನಲ್ಲಿ ಟಿಪ್ಪುವಿನ ಸೈನ್ಯ ಹಿಡಿದುಕೊಂಡಿದ್ದ ಕೋಟೆಗಳನ್ನು ಹೇಳುವಾಗ ಮಡಿಕೇರಿ, ಭಾಗಮಂಡಲಗಳ ಜೊತೆಗೆ ಕುಶಾಲನಗರವೂ ಬರುತ್ತದೆ. ನನಗೆ ತೋರುವಂತೆ ಹೆಸರು ಆ ಕಾಲದ್ದೇ. ಮಗು ಹುಟ್ಟಿದ ಸುದ್ದಿಯನ್ನು ಮಾತ್ರ ಆಮೇಲೆ ಯಾರೋ ಪೋಣಿಸಿರಬೇಕು.

ನಡುವೆ ಊರಿಗೆ ಇನ್ನೊಂದು ಹೆಸರೂ ಬಂತು. 1834ರ ಏಪ್ರಿಲಿನಲ್ಲಿ ಕಂಪನಿಯ ಸೈನ್ಯ ಕೊಡಗನ್ನು ಹೊಕ್ಕು, ಹಾಲೇರಿ ವಂಶದ ಕೊನೆಯ ಅರಸ ಚಿಕ್ಕ ವೀರರಾಜೇಂದ್ರ ಪಟ್ಟದಿಂದಿಳಿದಾಗ, ಸೈನ್ಯದೊಂದಿಗೆ ರಾಜಕೀಯ ಪ್ರತಿನಿಧಿಯಾಗಿ ಬಂದಿದ್ದವನು ಲೆಫ್ಟಿನೆಂಟ್ ಕರ್ನಲ್ ಜೇಮ್ಸ್ ಸ್ಟುವರ್ಟ್ ಫ್ರೇಸರ್. ಊರು ಫ್ರೇಸರ್‌ಪೇಟೆಯಾಯಿತು. ಮಡಿಕೇರಿಯ ಜಡಿಮಳೆ ತಾಳದ ಬ್ರಿಟಿಷ್ ದೊರೆಗಳು ಮಳೆಗಾಲ ಕಳೆಯಲು, ಮಳೆ ಕಡಿಮೆಯಿರುವ ಅಲ್ಲಿಗೆ ಇಳಿಯುತ್ತಿದ್ದರು. ಈಗಲೂ ಸುಂಟಿಕೊಪ್ಪ ದಾಟಿ ಕೆಳಗಿಳಿದವರಿಗೆ ಅದರ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮನೆಯ ಟ್ರಂಕಿನಲ್ಲಿರುವ ಒಂದು ಹಳೆಯ ಕ್ರಯಪತ್ರದಲ್ಲಿ, ಕಂದಿದ ಶಾಯಿಯಲ್ಲಿ, ಬರೆದವರು ‘ಪ್ರೇಜರು ಪೇಟೆ’ ಎಂದು ಕನ್ನಡಿಸಿಕೊಂಡಿದ್ದಾರೆ. ಸ್ವಾತಂತ್ರ್ಯ ಬಂದ ಮೇಲೆ ಕುಶಾಲನಗರವೆಂಬುದೇ ಮರಳಿ ನೆಲೆಯಾಯಿತು. ಕೊಡಗನ್ನು ಗೆದ್ದುಕೊಂಡವನ ಹೆಸರನ್ನು ಕಳಚಿ, ಅದಕ್ಕೂ ಮೊದಲು ದಂಡೆತ್ತಿ ಬಂದವನಿಗೆ ಕಥೆ ಕಟ್ಟಿಕೊಟ್ಟ ಹೆಸರನ್ನು ಊರು ತೊಟ್ಟುಕೊಂಡಿತೆಂಬುದು ನನಗೆ ಸದಾ ವಿಚಿತ್ರವಾಗಿ ಕಾಣುತ್ತದೆ.

ಸೋಮವಾರಪೇಟೆ, ಶನಿವಾರಸಂತೆಗಳ ಹೆಸರಿನಲ್ಲಿ ಇಂಥ ತಕರಾರಿಲ್ಲ, ಸಂತೆಯ ವಾರ ಗೊತ್ತಿದ್ದರೆ ಸಾಕು. ವಿರಾಜಪೇಟೆಯದಂತೂ ಇಸವಿ ಸಮೇತ ತಿಳಿದಿದೆ: 1791ರಲ್ಲಿ ಬ್ರಿಟಿಷ್ ಸೇನಾಪತಿ ಜನರಲ್ ಅಬರ್‌ಕ್ರೋಂಬಿಯನ್ನು ಭೇಟಿಯಾದದ್ದರ ನೆನಪಿಗೆಂದು ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ 1792ರಲ್ಲಿ ತನ್ನ ಹೆಸರಿನಲ್ಲೇ ಕಟ್ಟಿಸಿದ ಪೇಟೆ ಅದು. ಇಷ್ಟು ಪಕ್ಕಾ ಆಧಾರವಿರುವ ಕಥೆಯನ್ನು ತಾವಾಗಿ ಹೇಳುವವರು ವಿರಾಜಪೇಟೆಯಲ್ಲೇ ನನಗೆ ಸಿಕ್ಕಿಲ್ಲ.