ತುಂಗಭದ್ರಾ ಗೇಟಿನ ಮಾಡೆಲ್: ಕಾನ್ಫರೆನ್ಸಿನ ವರ್ಕ್‌ಶಾಪಿಗೆ ತಯಾರಿ ಎಲ್ಲಿಗೆ ಬಂತು

ಬಳ್ಳಾರಿಯ ಒಂದು ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕಾನ್ಫರೆನ್ಸ್ ಇದೆ. ಬೆಳಿಗ್ಗೆ ಸ್ಪೀಕರ್‌ಗಳ ಮಾತು, ಊಟ ಆದ ಮೇಲೆ ವರ್ಕ್‌ಶಾಪ್‌ಗಳು. ಅದರಲ್ಲಿ ಒಂದು ವರ್ಕ್‌ಶಾಪನ್ನು ನನಗೆ ಒಪ್ಪಿಸಿದ್ದಾರೆ. ನಾನಿರುವುದು ಗಂಗಾವತಿಯಲ್ಲಿ. ಹಗಲೆಲ್ಲ ರೈಸ್ ಮಿಲ್ಲಿನ ಮೇಂಟೆನೆನ್ಸ್ ಕೆಲಸ, ಸಂಜೆ ಮತ್ತು ಭಾನುವಾರ ಈ ಮಾಡೆಲ್.

ವಿಷಯ ಯಾವುದು ಅಂತ ಜಾಸ್ತಿ ಯೋಚಿಸಬೇಕಾಗಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರೆಸ್ಟ್ ಗೇಟ್‌ಗಳ (ಅಣೆಕಟ್ಟಿನ ಮೇಲ್ಭಾಗದಿಂದ ನೀರು ಬಿಡುವ ಗೇಟ್‌ಗಳು) ಪೈಕಿ 19ನೆಯದನ್ನು ಎತ್ತಿ ಇಳಿಸುವ ಚೈನ್ ತುಂಡಾಯಿತು. ಗೇಟೇ ಕೊಚ್ಚಿಹೋಯಿತು. ಆ ವಾರ ನಮ್ಮ ಮಿಲ್ಲಿನಲ್ಲಿ ಬೇರೆ ಮಾತೇ ಇರಲಿಲ್ಲ. ಎಡದಂಡೆ ಕಾಲುವೆಗೆ ನೀರಿಲ್ಲ ಅಂದರೆ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಭತ್ತ ಇಲ್ಲ. ಭತ್ತ ಇಲ್ಲದ ಮೇಲೆ ಮಿಲ್ ಎಲ್ಲಿಂದ ಬರಬೇಕು? ಜಲದ್ವಾರ ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ, ನೀರು ಹರಿಯುತ್ತಿರುವಾಗಲೇ ಸ್ಟಾಪ್ ಲಾಗ್ (ಒಂದರ ಮೇಲೊಂದು ಕೂರಿಸಿ ನೀರು ತಡೆಯುವ ಅಡ್ಡ ತುಂಡುಗಳು) ಇಳಿಸಿ, ಒಂದು ವಾರದಲ್ಲಿ ಆ ಬಾಯಿ ಮುಚ್ಚಿದರು. ನಮ್ಮ ಕಣ್ಣೆದುರಿಗೆ ನಡೆದ ಇಷ್ಟು ದೊಡ್ಡ ಕೆಲಸವನ್ನು ನಮ್ಮ ಹುಡುಗರು ಬರೀ ಸ್ಲೈಡಿನಲ್ಲಿ ನೋಡಿ ಎದ್ದುಹೋಗಬಾರದು. ಆ ಭಾರ ಅವರ ಕೈಗೆ ತಾಗಬೇಕು. ನನ್ನ ಆಸೆ ಇಷ್ಟೇ.

ಅಳತೆ ಮತ್ತು ಟ್ಯಾಂಕ್

ನಿಜವಾದ ಗೇಟು 60 ಅಡಿ ಅಗಲ, 20 ಅಡಿ ಎತ್ತರ. ಇಪ್ಪತ್ತರಲ್ಲಿ ಒಂದು ಪಾಲು ಮಾಡಿದರೆ 3 ಅಡಿ, 1 ಅಡಿ. ಲೆಕ್ಕಕ್ಕೂ ಸುಲಭ, ಟೇಬಲ್ ಮೇಲೂ ಕೂರುತ್ತದೆ. ಗೇಟಿಗೆ 3 ಎಂಎಂ ದಪ್ಪದ ಎಂಎಸ್ (ಮೈಲ್ಡ್ ಸ್ಟೀಲ್) ಶೀಟ್, ಹಿಂದೆ ಪಟ್ಟಿಗಳ ವೆಲ್ಡಿಂಗ್. ಎಲ್ಲ ಸೇರಿ ಹತ್ತಿರ ಹತ್ತಿರ 8 ಕೆಜಿ ತೂಕ. ಟ್ಯಾಂಕಿನ ಎರಡು ಪಕ್ಕಕ್ಕೆ ದಪ್ಪ ಅಕ್ರಿಲಿಕ್ ಹಾಕಿದ್ದೇನೆ, ಒಳಗೆ ಏನಾಗುತ್ತದೆ ಅಂತ ಕಾಣಬೇಕಲ್ವಾ.

ನೀರು ಮೇಲಂಚಿನವರೆಗೆ ನಿಂತರೆ ದೊಡ್ಡ ಗೇಟಿನ ಮೇಲೆ ಬೀಳುವ ಒಟ್ಟು ಬಲ ಸುಮಾರು 340 ಟನ್. ಅಳತೆ 20 ಪಟ್ಟು ಇಳಿದರೆ ಈ ಬಲ 8,000 ಪಟ್ಟು (20×20×20) ಇಳಿಯುತ್ತದೆ. ಹಾಗಾಗಿ ನನ್ನ ಮಾಡೆಲ್ ಮೇಲೆ 42 ಕೆಜಿ ಚಿಲ್ಲರೆ. ಅದೂ ಎಲ್ಲ ಕಡೆ ಒಂದೇ ಸಮ ಅಲ್ಲ. ಮೇಲೆ ಸೊನ್ನೆ, ಕೆಳಗೆ ಹೋದಷ್ಟೂ ಜಾಸ್ತಿ. ಒಟ್ಟು ಬಲ ಕೆಲಸ ಮಾಡುವ ಜಾಗ ತಳದಿಂದ ಮೂರನೇ ಒಂದು ಎತ್ತರದಲ್ಲಿ, ನಮ್ಮ ಲೆಕ್ಕದಲ್ಲಿ ನಾಲ್ಕು ಇಂಚು ಮೇಲೆ. ನೀರನ್ನು ಅರ್ಧ ಅಡಿಗೆ ಇಳಿಸಿದರೆ ಬಲ ಅರ್ಧ ಆಗುವುದಿಲ್ಲ, ಕಾಲು ಭಾಗಕ್ಕೆ ಬರುತ್ತದೆ: 10 ಕೆಜಿಗಿಂತ ಸ್ವಲ್ಪ ಮೇಲೆ.

ಟ್ಯಾಂಕಿನ ಹಿಂದಿನ ಗೋಡೆಯನ್ನು ಸರಿಸುವ ಹಾಗೆ ಮಾಡಿದ್ದೇನೆ. ಈ ಇಡೀ ಮಾಡೆಲ್‌ನಲ್ಲಿ ನನಗೆ ಬಹಳ ಇಷ್ಟವಾದ ಭಾಗ ಇದು. ಗೋಡೆ ಗೇಟಿನಿಂದ ಒಂದೂವರೆ ಅಡಿ ದೂರ ಇದ್ದಾಗಲೂ, ಅರ್ಧ ಅಡಿಗೆ ತಂದಾಗಲೂ, ನೀರಿನ ಎತ್ತರ ಅಷ್ಟೇ ಇದ್ದರೆ ಗೇಟಿನ ಮೇಲಿನ ಬಲ ಬದಲಾಗುವುದಿಲ್ಲ. ಹಿಂದೆ ಎಷ್ಟು ಮೈಲಿ ನೀರು ನಿಂತಿದೆ ಅನ್ನುವುದು ಗೇಟಿಗೆ ಬೇಕಿಲ್ಲ, ಎಷ್ಟು ಆಳ ಅನ್ನುವುದೊಂದೇ ಬೇಕು. ಮಿಲ್ಲಿನ ಐಟಿಐ ಹುಡುಗರು ಇದನ್ನು ನಂಬಲೇ ಇಲ್ಲ. ತಾವೇ ಗೋಡೆ ಸರಿಸಿ, ಗೇಟಿನ ಚೈನಿಗೆ ಕಟ್ಟಿದ ತಕ್ಕಡಿಯನ್ನು ತಾವೇ ನೋಡಿದ ಮೇಲೆ ಒಪ್ಪಿದರು.

ಚೈನ್ ಎಳೆದಾಗ

ಗೇಟಿನ ಎರಡು ತುದಿಗೆ ಎರಡು ಚೈನ್. ನಡುವೆ ಲಗೇಜ್ ತೂಗುವ ಡಿಜಿಟಲ್ ತಕ್ಕಡಿ. ಟ್ಯಾಂಕ್ ಖಾಲಿ ಇದ್ದಾಗ 8 ಕೆಜಿ ತೋರಿಸುವ ಗೇಟು, ನೀರು ತುಂಬಿದ ಮೇಲೆ ಅಲುಗಾಡುವುದಕ್ಕೇ 25 ಕೆಜಿ ಹತ್ತಿರ ಕೇಳುತ್ತದೆ. ಗೇಟಿನ ತೂಕ ಅಷ್ಟೇ ಇದೆ. ನೀರು ಅದನ್ನು ಗ್ರೂವ್‌ಗೆ (ಗೇಟು ಜಾರುವ ಪಕ್ಕದ ಗಾಡಿಗೆ) ಒತ್ತಿ ಹಿಡಿದಿರುವುದರಿಂದ ಉಳಿದದ್ದೆಲ್ಲ ಘರ್ಷಣೆ. ಆಮೇಲೆ ಪಕ್ಕಕ್ಕೆ ಸಣ್ಣ ಬಾಲ್ ಬೇರಿಂಗ್‌ಗಳನ್ನು ಚಕ್ರದ ಹಾಗೆ ಕೂರಿಸಿದೆ. ತಕ್ಕಡಿ ತೋರಿಸುವುದು 11 ಕೆಜಿ ಆಸುಪಾಸಿಗೆ ಇಳಿಯಿತು. ದೊಡ್ಡ ಗೇಟುಗಳಿಗೆ ಚಕ್ರ ಯಾಕೆ, ಆ ಚಕ್ರ ಜಾಮ್ ಆದರೆ ಚೈನಿಗೆ ಏನಾಗುತ್ತದೆ ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ಹೇಳುವ ದಾರಿ ನನಗೆ ಗೊತ್ತಿಲ್ಲ.

ಒಂದು ಕಡೆಯ ಚೈನನ್ನು ಬೇಕಂತಲೇ ಒಂದು ಕೊಂಡಿ ಉದ್ದ ಮಾಡಿಯೂ ನೋಡಿದೆ. ಬಿಗಿಯಾದ ಚೈನ್ ಪೂರ್ತಿ ಭಾರ ಹೊರುತ್ತದೆ, ಗೇಟು ಓರೆಯಾಗಿ ಗ್ರೂವ್‌ನಲ್ಲಿ ಕಚ್ಚಿಕೊಳ್ಳುತ್ತದೆ. ವರ್ಕ್‌ಶಾಪಿನಲ್ಲಿ ಇದನ್ನೂ ಮಾಡಿಸುತ್ತೇನೆ.

ಸ್ಟಾಪ್ ಲಾಗ್

ಹೆಚ್ಚು ಹೊತ್ತು ಹಿಡಿದ ಕೆಲಸ ಇದು. 3 ಅಡಿ ಅಗಲದ ಮಾಡೆಲ್‌ನಲ್ಲೇ ನೀರು ಹರಿಸಬೇಕು ಅಂದರೆ ಸೆಕೆಂಡಿಗೆ 250 ಲೀಟರಿಗೂ ಜಾಸ್ತಿ ಬೇಕು. ಅಷ್ಟು ನೀರು ಕಾಲೇಜಿನ ಲ್ಯಾಬಿನಲ್ಲಿ ಎಲ್ಲಿ ಸಿಗಬೇಕು? ಅದಕ್ಕೇ ಬೇರೆ ಒಂದು ಕಿರಿದಾದ ಕಾಲುವೆ ಮಾಡಿದೆ: 6 ಇಂಚು ಅಗಲ, 4 ಇಂಚು ನೀರು. ಸೆಕೆಂಡಿಗೆ 8–9 ಲೀಟರ್ ಸಾಕು. ಹೊಲದ 5 ಎಚ್‌ಪಿ ಮೊನೊಬ್ಲಾಕ್ ಆರಾಮಾಗಿ ಕೊಡುತ್ತದೆ, ಕೆಳಗಿನ ತೊಟ್ಟಿಯಿಂದ ಅದೇ ನೀರು ಸುತ್ತುತ್ತಿರುತ್ತದೆ.

ಸ್ಟಾಪ್ ಲಾಗ್ ತುಂಡುಗಳನ್ನು ಎರಡು ಸೆಟ್ ಮಾಡಿದ್ದೇನೆ, ಅಳತೆ ಒಂದೇ. ಒಂದು ಸೆಟ್ ಅಲ್ಯೂಮಿನಿಯಂ, ಇನ್ನೊಂದು ಕಬ್ಬಿಣ. ಅಲ್ಯೂಮಿನಿಯಂ ತುಂಡು 130 ಗ್ರಾಂ, ನೀರಿನೊಳಗೆ ಇಳಿದರೆ 80 ಗ್ರಾಂ ಅಷ್ಟೇ. ಹರಿಯುವ ನೀರು ಅದನ್ನು ಗ್ರೂವ್‌ಗೆ ಒತ್ತಿದಾಗ ಘರ್ಷಣೆ ಅದಕ್ಕಿಂತ ಜಾಸ್ತಿಯಾಗಿ ಅರ್ಧಕ್ಕೇ ನಿಂತುಬಿಡುತ್ತದೆ. ಕಬ್ಬಿಣದ ತುಂಡು ನೀರಿನೊಳಗೂ 330 ಗ್ರಾಂ ಮೇಲೆ ಇರುತ್ತದೆ, ತಳ ಮುಟ್ಟುತ್ತದೆ. ಎರಡನ್ನೂ ಹುಡುಗರ ಕೈಗೆ ಕೊಟ್ಟು, ಯಾವುದು ಇಳಿಯುತ್ತದೆ ಅಂತ ಮೊದಲು ಕಾಗದದ ಮೇಲೆ ಲೆಕ್ಕ ಹಾಕಿಸಿ, ಆಮೇಲೆ ಪಂಪ್ ಹಾಕುತ್ತೇನೆ. 4 ಇಂಚು ನೀರಿನಲ್ಲೇ ಇಷ್ಟು ಕಷ್ಟ. ತುಂಬಿ ಹರಿಯುವ ಡ್ಯಾಮಿನ ಮೇಲೆ 60 ಅಡಿ ಉದ್ದದ ತುಂಡನ್ನು ಕ್ರೇನಿನಿಂದ ಇಳಿಸಿದವರ ಧೈರ್ಯ, ಲೆಕ್ಕ ಎಂಥದ್ದಿರಬೇಕು ಅಂತ ಕೆಲಸ ಮಾಡುವಾಗೆಲ್ಲ ಅನಿಸುತ್ತಿತ್ತು.

ಸ್ಪೀಕರ್‌ಗಳು

ಬೆಳಗಿನ ಮಾತುಗಳಲ್ಲಿ ಒಂದು ಲೋಹದ ಫಟೀಗ್ ಬಗ್ಗೆ. ಜರ್ಮನಿಯ ಆಗಸ್ಟ್ ವೋಲರ್ 19ನೇ ಶತಮಾನದಲ್ಲಿ ರೈಲಿನ ಆಕ್ಸಲ್‌ಗಳ ಮೇಲೆ ಮಾಡಿದ ಪ್ರಯೋಗಗಳಿಂದ ಶುರು ಮಾಡುತ್ತಾರಂತೆ. ಒಂದೇ ಸಲಕ್ಕೆ ಮುರಿಯದ ಭಾರವೇ ಮತ್ತೆ ಮತ್ತೆ ಬಿದ್ದರೆ ಬಿರುಕು ಬೆಳೆಯುತ್ತದೆ ಅನ್ನುವ ವಿಷಯ ನಮ್ಮ ಚೈನಿಗೂ ನೇರ ತಾಗುತ್ತದೆ. ಹಾಗಾಗಿ ಆ ಮಾತನ್ನು ಊಟಕ್ಕೆ ಮುಂಚಿನ ಕೊನೆಯದಾಗಿ ಇಡಿ ಅಂತ ಕೇಳಿಕೊಂಡೆ, ಒಪ್ಪಿದರು. ಇನ್ನೊಂದು ಮಾತು ಪವರ್ ಪ್ಲಾಂಟಿನ ಟರ್ಬೈನ್ ವೈಬ್ರೇಷನ್ ಬಗ್ಗೆ. ನಿಮಿಷಕ್ಕೆ 3,000 ಸುತ್ತು ತಿರುಗುವ ರೋಟರ್ ಅದು. ಕುಡತಿನಿ, ಶಕ್ತಿನಗರದ ಪವರ್ ಪ್ಲಾಂಟ್‌ಗಳ ಹತ್ತಿರ ಇರುವ ನಮಗೆ ಬೇಕಾದ ಪಾಠ.

ಆದರೆ ಪಟ್ಟಿಯಲ್ಲಿ ಗೇಟ್ ಮುಟ್ಟಿ ಕೆಲಸ ಮಾಡಿದವರು ಒಬ್ಬರೂ ಇರಲಿಲ್ಲ. ಡ್ಯಾಮಿನ ಪಕ್ಕದ ಮುನಿರಾಬಾದಿನಲ್ಲಿ ರಿಟೈರ್ ಆದ ಫಿಟ್ಟರ್ ಒಬ್ಬರಿದ್ದಾರೆ, ನಾನು ಕಾಕಾ ಅಂತೀನಿ. ಅವರ ಮನೆಗೆ ಹೋಗಿ ಕೇಳಿದೆ.

"ತಮ್ಮಾ, ಸ್ಟೇಜ್ ಮ್ಯಾಲೆ ನಿಂತು ಮಾತಾಡೂದು ನನ್ನ ಕೈಲೆ ಆಗಂಗಿಲ್ಲ. ಚೈನ್ ತಂದು ಕೊಡು, ಎಲ್ಲಿ ನೋಡಬೇಕು ಅಂತ ತೋರಸ್ತೀನಿ."

"ಅಷ್ಟ ಸಾಕು ಕಾಕಾ."

"ಗ್ರೀಸ್ ಎಲ್ಲಾರೂ ಹಚ್ತಾರ. ಹಳೇ ಗ್ರೀಸ್ ಒರಸಿ ನೋಡಾವ್ರು ಕಡಿಮಿ."

ಆ ಮಾತಿನಿಂದಲೇ ವರ್ಕ್‌ಶಾಪಿನ ಎರಡನೇ ಅರ್ಧ ಹುಟ್ಟಿತು. ನಮ್ಮ ಮಿಲ್ಲಿನಲ್ಲಿ ಬಾಯ್ಲರಿಗೆ ಹೊಟ್ಟು ಸಾಗಿಸುವ ಕನ್ವೇಯರಿನ ಹಳೇ ಚೈನ್ ಬಿದ್ದಿತ್ತು. ಕಾಕಾ ಅದರ ಪಿನ್ ಕೂರುವ ತೂತಿನ ಸುತ್ತ ಒರೆಸಿ, ಉಗುರು ಆಡಿಸಿ, ಕೆಲವು ಪ್ಲೇಟ್ ಆರಿಸಿಕೊಟ್ಟರು. ಅವುಗಳ ಮೇಲೆ ಬಿರುಕು ಹುಡುಕುವ ಡೈ ಪೆನೆಟ್ರೆಂಟ್ ಪರೀಕ್ಷೆ ಮಾಡಿದೆ: ಕ್ಲೀನರ್, ಕೆಂಪು ಡೈ, ಹತ್ತು ನಿಮಿಷಕ್ಕೂ ಜಾಸ್ತಿ ಕಾಯುವುದು, ಒರೆಸುವುದು, ಬಿಳಿ ಡೆವಲಪರ್. ಕಾಕಾ ಉಗುರಿಟ್ಟ ಜಾಗದಲ್ಲೇ ಕೆಂಪು ಗೆರೆ ಎದ್ದಿತು. ಮೇಲ್ಮೈಗೆ ಬಾಯಿ ತೆರೆದ ಬಿರುಕು ಮಾತ್ರ ಇದರಲ್ಲಿ ಸಿಗುತ್ತದೆ, ಒಳಗಿನದಕ್ಕೆ ಅಲ್ಟ್ರಾಸಾನಿಕ್ ಬೇಕು. ಇದನ್ನೂ ಹುಡುಗರಿಗೆ ಒತ್ತಿ ಹೇಳಬೇಕು.

ಕಾಕಾ ಅವರ ಹೆಸರು ಸ್ಪೀಕರ್‌ಗಳ ಪಟ್ಟಿಯಲ್ಲೇ ಬರಬೇಕು, ಸಹಾಯಕರು ಅಂತ ಕೆಳಗೆ ಹಾಕಬೇಡಿ ಅಂತ ಆಯೋಜಕರಿಗೆ ಬರೆದಿದ್ದೇನೆ. ಈ ವಿಷಯದಲ್ಲಿ ನಾನು ಬಿಡುವವನಲ್ಲ.

ಉಳಿದಿರುವುದು

ಟ್ಯಾಂಕಿನ ಒಂದು ಮೂಲೆಯಲ್ಲಿ ಸಣ್ಣಗೆ ಸೋರುತ್ತದೆ, ಸಿಲಿಕೋನ್ ಕಿತ್ತು ಮತ್ತೆ ಹಾಕಬೇಕು. ಗೇಟಿನ ಅಂಚಿಗೆ ಹಾಕಿರುವ ಸೈಕಲ್ ಟ್ಯೂಬಿನ ಪಟ್ಟಿ ಬದಲು ಒಳ್ಳೆಯ ರಬ್ಬರ್ ಹುಡುಕುತ್ತಿದ್ದೇನೆ. ಲೆಕ್ಕದ ಹಾಳೆ ಕನ್ನಡದಲ್ಲಿ ಟೈಪ್ ಆಗುತ್ತಿದೆ. ಟ್ಯಾಂಕ್, ಪಂಪ್ ಎಲ್ಲ ಬಳ್ಳಾರಿಗೆ ಸಾಗಿಸಲು ಟಾಟಾ ಏಸ್ ಹೇಳಿಟ್ಟಿದ್ದೇನೆ. ಐಟಿಐ ಹುಡುಗರಿಗೂ ಪ್ರವೇಶ ಕೊಡಿ ಅಂತ ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಮುಂದಿನ ಭಾನುವಾರ ಕಾಕಾ ಗಂಗಾವತಿಗೆ ಬರುತ್ತಾರೆ. ಮಿಲ್ಲಿನ ಹುಡುಗರನ್ನು ನಿಲ್ಲಿಸಿಕೊಂಡು ಪೂರ್ತಿ ವರ್ಕ್‌ಶಾಪಿನ ರಿಹರ್ಸಲ್ ಇದೆ. ಅದರಲ್ಲಿ ತಕ್ಕಡಿ ಏನು ತೋರಿಸಿತು, ಸ್ಟಾಪ್ ಲಾಗ್ ಎಲ್ಲಿ ಕಚ್ಚಿತು ಅಂತ ಮುಂದಿನ ಸಲ ಬರೆಯುತ್ತೇನೆ.