ಪೇಜ್ ಊರಿಗೆ ಹೋಗುವವರು ಮೊದಲು ಗಡಿಯಾರ ನೋಡಿಕೊಳ್ಳಿ

ಲಾಸ್ ವೇಗಸ್‌ನಲ್ಲಿ ಕಾರು ಬಾಡಿಗೆಗೆ ಪಡೆದು ಝಯಾನ್, ಬ್ರೈಸ್, ಗ್ರ್ಯಾಂಡ್ ಕ್ಯಾನಿಯನ್ ಎಂದು ರಾಷ್ಟ್ರೀಯ ಉದ್ಯಾನಗಳ ಒಂದು ಸುತ್ತು ಹಾಕುವವರು ಸಾಮಾನ್ಯವಾಗಿ ನಡುವೆ ಒಂದು ದಿನವನ್ನು ಅರಿಜೋನಾ ರಾಜ್ಯದ ಉತ್ತರ ಅಂಚಿನಲ್ಲಿರುವ ಪೇಜ್ ಎಂಬ ಚಿಕ್ಕ ಊರಿಗೆ ಮೀಸಲಿಡುತ್ತಾರೆ. ಆಂಟೆಲೋಪ್ ಕ್ಯಾನಿಯನ್ ಎಂಬ ಇಕ್ಕಟ್ಟಾದ ಕಲ್ಲಿನ ಕಂದರ, ಹಾರ್ಸ್‌ಶೂ ಬೆಂಡ್ ಎಂಬ ನದಿಯ ತಿರುವು, ಗ್ಲೆನ್ ಕ್ಯಾನಿಯನ್ ಅಣೆಕಟ್ಟು, ಪೊವೆಲ್ ಸರೋವರ ಎಲ್ಲವೂ ಊರಿನ ಆಸುಪಾಸಿನಲ್ಲೇ ಇರುವುದರಿಂದ ಒಂದು ದಿನ ಧಾರಾಳವಾಗಿ ಸಾಕೆಂದು ಅನ್ನಿಸುತ್ತದೆ. ಸಾಕು ಎನ್ನುವುದೂ ನಿಜವೇ, ಆದರೆ ಆ ದಿನದ ಗಂಟೆಗಳು ಎಷ್ಟೆಂಬ ಲೆಕ್ಕವನ್ನು ಮೊದಲೇ ಮಾಡಿಕೊಂಡಿರಬೇಕು. ಸೆಪ್ಟೆಂಬರ್ ತಿಂಗಳ ನಡುವೆ ಅಲ್ಲಿಗೆ ಹೋಗಿದ್ದ ನಾವು ಐವರು ಗೆಳೆಯರು ಆ ಲೆಕ್ಕದಲ್ಲಿ ಎರಡು ಸಲ ಎಡವಿದೆವು.

ವಿಷಯ ಇಷ್ಟೇ. ಮಾರ್ಚ್‌ನಿಂದ ನವೆಂಬರ್ ಆರಂಭದವರೆಗೆ ಅಮೆರಿಕದ ಹೆಚ್ಚಿನ ರಾಜ್ಯಗಳು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತವೆ. ಯೂಟಾ ರಾಜ್ಯವೂ ಇಡುತ್ತದೆ, ಅರಿಜೋನಾ ಮಾತ್ರ ಇಡುವುದಿಲ್ಲ. ಆದರೆ ಅರಿಜೋನಾದೊಳಗೇ ಹರಡಿಕೊಂಡಿರುವ ನವಾಹೊ ಬುಡಕಟ್ಟಿನವರ ಸ್ವಾಯತ್ತ ಪ್ರದೇಶವು ಯೂಟಾ ಮತ್ತು ನ್ಯೂ ಮೆಕ್ಸಿಕೊಗಳಲ್ಲೂ ಚಾಚಿಕೊಂಡಿದೆ, ಅದು ಗಡಿಯಾರವನ್ನು ಮುಂದಿಡುತ್ತದೆ. ಪೇಜ್ ಊರು ಈ ಮೂರರ ಗಡಿಯಲ್ಲಿದೆ. ಆಂಟೆಲೋಪ್ ಕ್ಯಾನಿಯನ್ ಇರುವುದು ನವಾಹೊ ನೆಲದಲ್ಲಾದರೂ ಅಲ್ಲಿನ ಪ್ರವಾಸಗಳು ನಡೆಯುವುದು ಪೇಜ್ ಊರಿನ ಸಮಯಕ್ಕೆ, ಅಂದರೆ ಅರಿಜೋನಾ ಸಮಯಕ್ಕೆ. ಮೊಬೈಲ್ ಫೋನಿಗೆ ಈ ಸೂಕ್ಷ್ಮ ತಿಳಿಯುವುದಿಲ್ಲ, ಯಾವ ಟವರ್ ಸಿಗುತ್ತದೆಯೋ ಆ ಕಡೆಯ ಗಂಟೆಯನ್ನೇ ಅದು ತೋರಿಸುತ್ತದೆ.

ಪೇಜ್‌ನಲ್ಲಿ ಹೋಟೆಲ್ ಬಾಡಿಗೆ ವಿಪರೀತವಾಗಿದ್ದುದರಿಂದ ನಾವು ಉಳಿದುಕೊಂಡದ್ದು ಯೂಟಾದ ಕನಾಬ್‌ನಲ್ಲಿ. ಅಲ್ಲಿಂದ ಪೇಜ್‌ಗೆ 74 ಮೈಲಿ, ಸುಮಾರು 120 ಕಿಲೋಮೀಟರ್. ಒಂದೂಕಾಲು ಗಂಟೆಯ ದಾರಿ. ಬೆಳಿಗ್ಗೆ ಏಳೂವರೆಗೆ ಹೊರಟು ಏಳೂಮುಕ್ಕಾಲಿಗೆ ಪೇಜ್ ತಲುಪಿದಾಗ ಗಂಟೆಯೊಂದನ್ನು ಬಿಟ್ಟಿಯಾಗಿ ಗಳಿಸಿದ ಖುಷಿ ಎಲ್ಲರಿಗೂ ಇತ್ತು. ಈ ದಾರಿಯಲ್ಲಿ ಪೆಟ್ರೋಲ್ ಬಂಕ್‌ಗಳು ವಿರಳವಾದ್ದರಿಂದ ಕನಾಬ್‌ನಲ್ಲೇ ಟ್ಯಾಂಕ್ ತುಂಬಿಸಿಕೊಳ್ಳುವುದು ಲೇಸು. ಇಬ್ಬರು ಸರದಿಯಲ್ಲಿ ಓಡಿಸುವುದಾದರೆ ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರೂ ಇರಲೇಬೇಕು; ಹೆಸರಿಲ್ಲದವರು ಓಡಿಸುವಾಗ ಅಪಘಾತವಾದರೆ ವಿಮೆಯ ಹಣ ಕೈಗೆ ಬರುವುದು ಕಷ್ಟ.

ಮೊದಲು ಹಾರ್ಸ್‌ಶೂ ಬೆಂಡ್‌ಗೆ ಹೋಗಿ. ಕೊಲರಾಡೊ ನದಿಯು ಕೆಂಪು ಮರಳುಗಲ್ಲಿನ ಬೆಟ್ಟವೊಂದನ್ನು ಲಾಳದ ಆಕಾರದಲ್ಲಿ ಬಳಸಿ ಹರಿಯುವುದನ್ನು ಸುಮಾರು 1,000 ಅಡಿ ಮೇಲಿನಿಂದ ನೋಡುವ ಜಾಗವಿದು. ವಾಹನ ನಿಲುಗಡೆಯ ಶುಲ್ಕವನ್ನು ವಸೂಲು ಮಾಡುವುದು ಪೇಜ್ ನಗರಾಡಳಿತ. ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸ್ ಇಲ್ಲಿ ನಡೆಯುವುದಿಲ್ಲ. ಹೋಗಿಬರುವ ದಾರಿ ಒಟ್ಟು ಎರಡೂವರೆ ಕಿಲೋಮೀಟರಿನಷ್ಟು, ನೆರಳು ಇಲ್ಲವೆಂದೇ ಹೇಳಬೇಕು. ಸೂರ್ಯಾಸ್ತಕ್ಕೆ ಹೋಗಿ ಎಂದು ಹಲವರು ಸಲಹೆ ಕೊಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ವೀಕ್ಷಣೆಯ ತಾಣ ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಸಂಜೆಯ ಸೂರ್ಯ ಕ್ಯಾಮೆರಾದ ಕಣ್ಣಿಗೇ ಹೊಡೆಯುತ್ತಾನೆ, ಜನಜಂಗುಳಿಯೂ ಹೆಚ್ಚು. ಅತಿ ಬೇಗ ಹೋದರೆ ನದಿ ನೆರಳಿನಲ್ಲಿರುತ್ತದೆ ಎಂಬುದೂ ನಿಜ. ನಾವು ತಲುಪಿದಾಗ ಅರ್ಧ ತಿರುವು ಕಪ್ಪಾಗಿತ್ತು, ಆಮೇಲೆ ಬಿಸಿಲು ನಿಧಾನವಾಗಿ ಗೋಡೆಯ ಮೇಲೆ ಜಾರುತ್ತ ಬಂದು ನೀರಿನ ಹಸಿರು ತೋರತೊಡಗಿತು. ಆ ಹಸಿರಿಗೂ ಕಾರಣವಿದೆ: ಮೇಲಿನ ಅಣೆಕಟ್ಟು ನದಿಯ ಕೆಂಪು ಹೂಳನ್ನೆಲ್ಲ ತಡೆದು, ಸರೋವರದ ಆಳದಿಂದ ತಿಳಿಯಾದ ತಣ್ಣನೆಯ ನೀರನ್ನು ಕೆಳಗೆ ಬಿಡುತ್ತದೆ. ಪ್ರಪಾತದ ಅಂಚಿನ ಸ್ವಲ್ಪ ಭಾಗಕ್ಕೆ ಮಾತ್ರ ಕಂಬಿ ಇದೆ, ಉಳಿದ ಕಡೆ ಏನೂ ಇಲ್ಲ. ಮಕ್ಕಳನ್ನು ಕರೆದುಕೊಂಡು ಹೋಗುವವರು ಕೈ ಬಿಡಬಾರದು. ಫೋಟೊಕ್ಕಾಗಿ ಹಿಂದೆ ಹಿಂದೆ ಸರಿಯುವ ದೊಡ್ಡವರ ಕೈಯನ್ನೂ ಹಿಡಿದುಕೊಳ್ಳುವುದು ಒಳ್ಳೆಯದು.

ಅಲ್ಲಿಂದ ಕಾರಿಗೆ ಮರಳಿದಾಗ ಧಾರವಾಡದ ಗೆಳೆಯ ಫೋನ್ ನೋಡಿ, “ಲೋ, ಹತ್ತೂ ಇಪ್ಪತ್ತಾತೋ! ರೊಕ್ಕ ಹೋತು!” ಎಂದು ಕೂಗಿದ. ನಮ್ಮ ಆಂಟೆಲೋಪ್ ಪ್ರವಾಸ ಹತ್ತೂಮುಕ್ಕಾಲಿಗೆ, ಅರ್ಧ ಗಂಟೆ ಮೊದಲೇ ಹಾಜರಿರಬೇಕೆಂದು ಟಿಕೆಟಿನಲ್ಲಿ ಬರೆದಿತ್ತು, ತಡವಾದರೆ ಹಣ ವಾಪಸ್ ಇಲ್ಲ. ನೀರು ಕುಡಿಯುವುದಕ್ಕೂ ನಿಲ್ಲದೆ ಓಡಿಬಂದು ಕೌಂಟರಿನ ಮುಂದೆ ಏದುಸಿರು ಬಿಟ್ಟಾಗ, ಒಳಗಿದ್ದ ಹೆಂಗಸು ಗೋಡೆಯ ಗಡಿಯಾರದತ್ತ ಬೆರಳು ತೋರಿಸಿದರು. ಇನ್ನೂ ಒಂಬತ್ತೂಮುಕ್ಕಾಲು ಆಗಿರಲಿಲ್ಲ. ಅವನ ಫೋನು ದಾರಿಯಲ್ಲಿ ನವಾಹೊ ಸಮಯಕ್ಕೆ ಹಾರಿತ್ತು. ನಮ್ಮ ಪುಣ್ಯಕ್ಕೆ ತಪ್ಪು ಲಾಭದ ಕಡೆಗೆ ಆಗಿತ್ತು. ಆದರೆ ಪೇಜ್‌ನಿಂದ ಪೂರ್ವಕ್ಕೆ ಮಾನ್ಯುಮೆಂಟ್ ವ್ಯಾಲಿಗೆ ಹೋಗುವವರಿಗೆ, ಅಲ್ಲಿ ನಡೆಯುವುದು ನವಾಹೊ ಸಮಯವಾದ್ದರಿಂದ, ಇದೇ ಲೆಕ್ಕ ತಿರುಗುಮುರುಗಾಗಿ, ಸಮಯಕ್ಕೆ ಸರಿಯಾಗಿ ಬಂದೆವೆಂದುಕೊಂಡವರು ಒಂದು ಗಂಟೆ ತಡವಾಗಿರುತ್ತಾರೆ. ಆದ್ದರಿಂದ ಪೇಜ್‌ನಲ್ಲಿರುವಷ್ಟು ಹೊತ್ತು ಫೋನಿನಲ್ಲಿ ತಾನಾಗಿ ಸಮಯ ಬದಲಾಗುವ ವ್ಯವಸ್ಥೆಯನ್ನು ನಿಲ್ಲಿಸಿ, ಅರಿಜೋನಾದ ಫೀನಿಕ್ಸ್ ನಗರದ ಸಮಯವನ್ನು ಕೈಯಾರೆ ಹಾಕಿಕೊಳ್ಳಿ. ಒಬ್ಬರ ಕೈಯಲ್ಲಿ ಸಾದಾ ಕೈಗಡಿಯಾರವಿದ್ದರೆ ಇನ್ನೂ ಉತ್ತಮ.

ಆಂಟೆಲೋಪ್ ಕ್ಯಾನಿಯನ್ನಿಗೆ ಮಾರ್ಗದರ್ಶಕರಿಲ್ಲದೆ ಪ್ರವೇಶವಿಲ್ಲ, ಟಿಕೆಟನ್ನು ವಾರಗಳ ಮೊದಲೇ ಕಾದಿರಿಸಬೇಕು. ಮೇಲಿನ ಕ್ಯಾನಿಯನ್ ಮತ್ತು ಕೆಳಗಿನ ಕ್ಯಾನಿಯನ್ ಎಂದು ಎರಡಿವೆ. ಮೇಲಿನದಕ್ಕೆ ವಾಹನದಲ್ಲಿ ಮರಳಿನ ಹಾದಿಯಲ್ಲಿ ಕರೆದೊಯ್ಯುತ್ತಾರೆ, ನೆಲ ಸಮತಟ್ಟಾಗಿದೆ. ಬೇಸಿಗೆಯ ತಿಂಗಳುಗಳಲ್ಲಿ ನಡುಹಗಲಿನ ಹೊತ್ತಿಗೆ ಬೆಳಕಿನ ಕೋಲುಗಳು ನೆಲಕ್ಕಿಳಿಯುವುದು ಅಲ್ಲಿಯೇ, ಆ ಹೊತ್ತಿನ ಟಿಕೆಟಿಗೆ ಬೆಲೆಯೂ ಹೆಚ್ಚು. ಕೆಳಗಿನದರಲ್ಲಿ ಕಡಿದಾದ ಕಬ್ಬಿಣದ ಏಣಿಗಳನ್ನು ಇಳಿದು ಹತ್ತಬೇಕು, ಕೆಲವೆಡೆ ಅಡ್ಡಡ್ಡ ತಿರುಗಿ ನುಸುಳಬೇಕು. ಮಂಡಿನೋವಿನವರು, ಇಕ್ಕಟ್ಟಿಗೆ ಹೆದರುವವರು ಮೇಲಿನದನ್ನೇ ಆರಿಸಿಕೊಳ್ಳಲಿ. ನಾವು ಕೆಳಗಿನದಕ್ಕೆ ಹೋದೆವು. ಕೈಚೀಲ, ಟ್ರೈಪಾಡ್, ಸೆಲ್ಫಿ ಕೋಲು ಯಾವುದನ್ನೂ ಒಳಗೆ ಬಿಡುವುದಿಲ್ಲ; ನೀರಿನ ಬಾಟಲಿ ಮತ್ತು ಫೋನು ಇದ್ದರೆ ಸಾಕು.

ನಮ್ಮ ಮಾರ್ಗದರ್ಶಕ ಇಪ್ಪತ್ತರ ಆಸುಪಾಸಿನ ನವಾಹೊ ಹುಡುಗ. ತಮ್ಮ ಜನರನ್ನು ತಾವು ‘ದಿನೆ’ ಎಂದು ಕರೆದುಕೊಳ್ಳುವುದಾಗಿ ಅವನೇ ಹೇಳಿದ. ಒಂದು ತಿರುವಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಮರಳನ್ನು ಗುಡ್ಡೆ ಮಾಡಿದ, ಬಾಟಲಿಯಿಂದ ಅದರ ಮೇಲೆ ಸ್ವಲ್ಪವೇ ನೀರು ಸುರಿದ, ಸುತ್ತಲಿನ ಒಣ ಮರಳನ್ನು ಬೆರಳಿನಿಂದ ಬಳಿದು ತೆಗೆದ. ನೀರು ಕುಡಿದ ಭಾಗ ಅಂಗೈಯಗಲದ ಪುಟ್ಟ ಗೋಡೆಯಾಗಿ ನಿಂತಿತು, ಅದರ ಮೈಮೇಲೆ ನಮ್ಮ ತಲೆಯ ಮೇಲಿನ ಬಂಡೆಯಲ್ಲಿದ್ದಂತಹವೇ ಅಲೆಗಳಿದ್ದವು. ಡೈನೋಸಾರ್‌ಗಳ ಕಾಲದ ಮರಳ ದಿಬ್ಬಗಳು ಕಲ್ಲಾದದ್ದು ಹೀಗೆ, ಆಮೇಲೆ ಮಳೆಯ ಪ್ರವಾಹ ಆ ಕಲ್ಲನ್ನು ಕೊರೆದದ್ದು ಹೀಗೆ ಎಂದು ಎರಡೇ ಮಾತಿನಲ್ಲಿ ಮುಗಿಸಿದ. ನಮ್ಮ ಫೋನುಗಳನ್ನು ಒಂದೊಂದಾಗಿ ಪಡೆದು ಕ್ಯಾಮೆರಾದ ಬಣ್ಣವನ್ನೂ ಅವನೇ ಸರಿಪಡಿಸಿಕೊಟ್ಟ. ಇಂಥವರಿಗೆ ಟಿಪ್ಸ್ ಕೊಡುವುದು ಅಲ್ಲಿನ ರೂಢಿ. ಟಿಕೆಟ್ ಬೆಲೆಯ ಶೇಕಡಾ 15ರಿಂದ 20ರಷ್ಟನ್ನು ನಗದಾಗಿ ಕೊಡಲು ಸಣ್ಣ ನೋಟುಗಳನ್ನು ಇಟ್ಟುಕೊಂಡಿರಿ.

ಮಳೆಯ ಮುನ್ಸೂಚನೆಯಿದ್ದರೆ ಪ್ರವಾಸ ರದ್ದಾಗುತ್ತದೆ, ಆಗ ಜಗಳವಾಡಬೇಡಿ. 1997ರ ಆಗಸ್ಟ್ 12ರಂದು ಇದೇ ಕೆಳಗಿನ ಕ್ಯಾನಿಯನ್ನಿನಲ್ಲಿ 11 ಪ್ರವಾಸಿಗರು ದಿಢೀರ್ ಪ್ರವಾಹಕ್ಕೆ ಸಿಕ್ಕಿ ಸತ್ತರು. ಅವರು ನಿಂತಿದ್ದ ಜಾಗದಲ್ಲಿ ಮಳೆ ಇರಲಿಲ್ಲವೆಂದೇ ಹೇಳಬಹುದು. ಮೈಲುಗಳಾಚೆ ಸುರಿದ ಮಳೆಯ ನೀರು ಈ ಸಂದಿಗೆ ನುಗ್ಗಿತ್ತು. ಬಂಡೆಗೆ ಬಿಗಿದ ಇಂದಿನ ಕಬ್ಬಿಣದ ಏಣಿಗಳು ಬಂದದ್ದು ಆ ದುರಂತದ ನಂತರ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮಳೆಗಾಲವಾದ್ದರಿಂದ ಆ ತಿಂಗಳುಗಳಲ್ಲಿ ಹೋಗುವವರು ಬೆಳಗಿನ ಹೊತ್ತಿನ ಟಿಕೆಟ್ ಪಡೆಯುವುದು ಜಾಣತನ, ಗುಡುಗುಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆಯೇ ಬರುತ್ತದೆ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಸ್ಯಾಹಾರಿಗಳಿಗೆ ಮೆಕ್ಸಿಕನ್ ಹೋಟೆಲಿನ ಬೀನ್ಸ್ ಬರ್ರಿಟೊ ಆಗುತ್ತದೆ, ಆದರೆ ಬೀನ್ಸಿಗೆ ಹಂದಿಯ ಕೊಬ್ಬನ್ನೂ ಅನ್ನಕ್ಕೆ ಕೋಳಿಯ ಸಾರನ್ನೂ ಬಳಸಿದ್ದಾರೆಯೇ ಎಂದು ಬಾಯಿಬಿಟ್ಟು ಕೇಳಬೇಕು. ನಮ್ಮ ಬಳಿ ಚಿಕ್ಕ ರೈಸ್ ಕುಕ್ಕರ್ ಇತ್ತು. ಬೆಳಿಗ್ಗೆ ಎದ್ದು ಕಲಸಿದ ಮೊಸರನ್ನ ಮತ್ತು ಚಿತ್ರಾನ್ನ, ಮೋಟೆಲಿನ ಯಂತ್ರದಲ್ಲಿ ಪುಕ್ಕಟೆ ಸಿಗುವ ಮಂಜುಗಡ್ಡೆಯನ್ನು ತುಂಬಿದ ಡಬ್ಬಿಯಲ್ಲಿ ಕಾರಿನ ಡಿಕ್ಕಿಯೊಳಗೆ ತಣ್ಣಗಿದ್ದವು. ಚಿತ್ರಾನ್ನ ಮಧ್ಯಾಹ್ನವೇ ಖಾಲಿಯಾಯಿತು.

ಬಿಸಿಲು ಏರಿದ ಮೇಲೆ ಅಣೆಕಟ್ಟಿನ ಪಕ್ಕದ ಸಂದರ್ಶಕರ ಕೇಂದ್ರಕ್ಕೆ ಹೋಗುವುದು ಎರಡು ಕಾರಣಗಳಿಗಾಗಿ ಸೂಕ್ತ. ಒಂದು, ಅಲ್ಲಿ ಹವಾನಿಯಂತ್ರಣವಿದೆ. ಇನ್ನೊಂದು, ಗಾಜಿನ ಕಿಟಕಿಗಳಿಂದ 710 ಅಡಿ ಎತ್ತರದ ಗೋಡೆಯೂ ಅದರ ಮುಂದಿನ ಕಮಾನು ಸೇತುವೆಯೂ ಒಟ್ಟಿಗೆ ಕಾಣುತ್ತವೆ. ಪೇಜ್ ಊರು ಹುಟ್ಟಿದ್ದೇ 1957ರಲ್ಲಿ, ಈ ಅಣೆಕಟ್ಟಿನ ಕೆಲಸಗಾರರಿಗಾಗಿ. 1963ರಲ್ಲಿ ನೀರು ನಿಲ್ಲಿಸತೊಡಗಿದ ಈ ಜಲಾಶಯ, ಅಂದರೆ ಪೊವೆಲ್ ಸರೋವರ, ಮೊದಲ ಸಲ ತುಂಬಿದ್ದು 1980ರಲ್ಲಿ. ಈಗ ದಂಡೆಯ ಬಂಡೆಗಳ ಮೇಲೆ ಹಳೆಯ ನೀರಿನ ಮಟ್ಟವನ್ನು ತೋರುವ ಬಿಳಿಯ ಪಟ್ಟಿ ನೂರಕ್ಕೂ ಹೆಚ್ಚು ಅಡಿ ಎತ್ತರಕ್ಕೆ ಎದ್ದು ಕಾಣುತ್ತದೆ. ಪ್ರತಿ ಮಳೆಗಾಲದಲ್ಲೂ ಕೆಆರ್‌ಎಸ್ 124.80 ಅಡಿ ಮುಟ್ಟಿತೇ ಎಂದು ಪತ್ರಿಕೆ ತಿರುವುತ್ತ ಬೆಳೆದ ಮಂಡ್ಯದ ಗೆಳತಿ ಆ ಪಟ್ಟಿಯ ಮುಂದೆ ಬಹಳ ಹೊತ್ತು ನಿಂತಳು. ಕಾವೇರಿಗೆ 1924ರ ಒಪ್ಪಂದವಿದ್ದಂತೆ ಕೊಲರಾಡೊ ನದಿಗೂ 1922ರ ಒಪ್ಪಂದವೊಂದಿದೆ. ನೀರಿಗಾಗಿ ಹಗ್ಗಜಗ್ಗಾಟ ನಡೆಸುವ ರಾಜ್ಯಗಳು ಮಾತ್ರ ಇಲ್ಲಿ ಏಳು.

ಸಂಜೆಯನ್ನು ಪೊವೆಲ್ ಸರೋವರದ ಲೋನ್ ರಾಕ್ ದಂಡೆಗೆ ಇಟ್ಟುಕೊಳ್ಳಿ. ಇಲ್ಲಿ ವಾರ್ಷಿಕ ಪಾಸ್ ನಡೆಯುತ್ತದೆ. ಸರೋವರದಲ್ಲಿ ಸಾಕಷ್ಟು ನೀರಿದ್ದಾಗ ಅದರ ನಡುವೆ ನಿಲ್ಲುವ ಒಂಟಿ ಬಂಡೆ, ಈಜಬಲ್ಲವರಿಗೆ ಸ್ವಚ್ಛ ನೀರು. ಕಾರನ್ನು ಮಾತ್ರ ಗಟ್ಟಿ ನೆಲದಲ್ಲೇ ನಿಲ್ಲಿಸಿ ನಡೆದುಹೋಗಿ. ಸಾಧಾರಣ ಬಾಡಿಗೆ ಕಾರುಗಳ ಚಕ್ರ ಅಲ್ಲಿನ ಮರಳಿನಲ್ಲಿ ಹೂತುಹೋಗುತ್ತದೆ, ಎಳೆಯುವ ಗಾಡಿಯನ್ನು ಕರೆಸುವುದು ದುಬಾರಿ.

ನಮ್ಮ ಎರಡನೆಯ ಎಡವಟ್ಟು ಆದದ್ದು ಇಲ್ಲಿಯೇ. ಬಂಡೆ ಕೆಂಪಾಗಿ, ನೇರಳೆಯಾಗಿ, ಕಪ್ಪಾಗುವವರೆಗೆ ಕುಳಿತಿದ್ದು, ಕೈಗಡಿಯಾರದಲ್ಲಿ ಏಳಾದಾಗ ನಿರಾತಂಕವಾಗಿ ಎದ್ದೆವು. ರಾತ್ರಿ ಈ ರಸ್ತೆಗೆ ಜಿಂಕೆಗಳು ಇಳಿಯುತ್ತವೆಂಬ ಫಲಕಗಳಿರುವುದರಿಂದ ನಿಧಾನವಾಗಿಯೇ ಬಂದೆವು. ಕನಾಬ್ ತಲುಪಿದಾಗ ನಮ್ಮ ಲೆಕ್ಕಕ್ಕೆ ಎಂಟೂಕಾಲು, ಊರಿನ ಲೆಕ್ಕಕ್ಕೆ ಒಂಬತ್ತೂಕಾಲು. ಬೆಳಿಗ್ಗೆ ನೋಡಿಟ್ಟುಕೊಂಡಿದ್ದ ಹೋಟೆಲಿನವರು ಕುರ್ಚಿಗಳನ್ನು ಮೇಜಿನ ಮೇಲೆ ಕವುಚಿಡುತ್ತಿದ್ದರು. ಡಬ್ಬಿಯ ತಳದಲ್ಲಿ ಮಂಜು ಕರಗಿದ ನೀರಿನಲ್ಲಿ ತೇಲುತ್ತಿದ್ದ ಮೊಸರನ್ನದ ಪಾತ್ರೆಯನ್ನು ಧಾರವಾಡದ ಗೆಳೆಯನೇ ಎತ್ತಿ ತಂದು ಐದು ಪಾಲು ಮಾಡಿದ, ಉಪ್ಪಿನಕಾಯಿಯ ಪೊಟ್ಟಣ ಒಂದೇ ಉಳಿದಿತ್ತು.