4 ಮಿಲಿಮೀಟರ್ ಸೂಜಿ

ಇನ್ಸುಲಿನ್ ಚುಚ್ಚಿಕೊಳ್ಳುವ ಹೊತ್ತಾದರೆ ಅಮ್ಮನ ಮುಖ ಬಾಡುತ್ತಿತ್ತು; ಹೊಟ್ಟೆಯ ಒಂದೇ ಭಾಗಕ್ಕೆ ಮತ್ತೆ ಮತ್ತೆ ಚುಚ್ಚಿ ಅಲ್ಲಿ ಗಂಟು ಕಟ್ಟಿತ್ತು, ಫ್ರಿಜ್ಜಿನಿಂದ ಆಗಷ್ಟೇ ತೆಗೆದ ತಣ್ಣನೆಯ ಔಷಧಿ ಒಳಗಿಳಿಯುವಾಗ ಉರಿಯೂ ಆಗುತ್ತಿತ್ತು. ವೈದ್ಯರ ಸಲಹೆಯಂತೆ ಸಿರಿಂಜ್ ಬಿಟ್ಟು ಇನ್ಸುಲಿನ್ ಪೆನ್ (ಪೆನ್ನಿನಂತೆ ಕಾಣುವ, ಇನ್ಸುಲಿನ್ ಚುಚ್ಚುವ ಸಾಧನ) ಹಿಡಿದ ಮೇಲೆ, ಕೂದಲೆಳೆಯಂಥ 4 ಮಿಲಿಮೀಟರ್ ಸೂಜಿ ಒಳಗೆ ಹೋದದ್ದೇ ತಿಳಿಯಲಿಲ್ಲವೆಂದು ಅವರು ಹೇಳಿದಾಗ ನನಗೆ ಕಣ್ಣು ತುಂಬಿ ಬಂತು. ಬಳಕೆಯಲ್ಲಿರುವ ಪೆನ್ನನ್ನು ಬಿಸಿಲು, ಸೆಕೆ ತಾಗದಂತೆ ಫ್ರಿಜ್ಜಿನ ಹೊರಗೇ ಇಡಬಹುದೆಂಬುದನ್ನೂ (ಅಮ್ಮನ ಇನ್ಸುಲಿನ್‌ಗೆ 28 ದಿನಗಳ ಮಿತಿಯಿದೆ), ಒಮ್ಮೆ ಬಳಸಿದ ಸೂಜಿಯ ತುದಿ ಮೊಂಡಾಗಿ ಮರುಬಳಕೆಯಲ್ಲಿ ಹೆಚ್ಚು ನೋಯಿಸುತ್ತದೆಂಬುದನ್ನೂ ಪ್ರತಿಯೊಬ್ಬ ರೋಗಿಗೂ ಮೊದಲ ದಿನವೇ ಹೇಳಬೇಕು. ಗಂಟಿಲ್ಲದ ಜಾಗಕ್ಕೆ ಚುಚ್ಚತೊಡಗಿದರೆ ದೇಹ ಔಷಧಿಯನ್ನು ಚೆನ್ನಾಗಿ ಹೀರಿಕೊಂಡು ಸಕ್ಕರೆ ತೀರಾ ಇಳಿಯಬಹುದಾದ್ದರಿಂದ, ಪ್ರಮಾಣವನ್ನು ವೈದ್ಯರಲ್ಲಿ ಕೇಳಿಯೇ ಜಾಗ ಬದಲಿಸಿ.